ಇಲಿ ಹುಡುಕಲು ಬಂದ ಸಣ್ಣೀರಪ್ಪ

ಒಂದು ಕಾಡಿನಲ್ಲಿ ಬೋರಮ್ಮ ಎಂಬ ಕರಡಿ ಇದ್ದಳು. ಉಳಿದ ಕರಡಿಗಳೆಲ್ಲ ಗುಹೆಯಲ್ಲಿದ್ದರೆ ಇವಳು ಕಲ್ಲುಮಣ್ಣಿನ ಮನೆ ಕಟ್ಟಿಕೊಂಡಿದ್ದಳು. ಗುಹೆಗೆ ಬಾಗಿಲಿಲ್ಲ, ಬಾಗಿಲೇ ಇಲ್ಲದ ಮೇಲೆ ಬಂದ ನೆಂಟರು ಏನನ್ನು ತಟ್ಟಬೇಕು ಎಂಬುದು ಅವಳ ಪ್ರಶ್ನೆ. ಚಳಿಗಾಲಕ್ಕೆಂದು ಎರಡು ಚೀಲ ರಾಗಿ, ಒಣಗಿಸಿದ ಎಲಚಿ ಹಣ್ಣು, ಒಂದು ಗುಡಾಣ ಜೇನು ಕೂಡಿಟ್ಟಿದ್ದಳು. ಬೋರಮ್ಮನ ಮನಸ್ಸು ಬಲು ಒಳ್ಳೆಯದು. ಆದರೆ ಯಾರು ಏನು ಹೇಳಿದರೂ ನಂಬಿಬಿಡುತ್ತಿದ್ದಳು.

ಧನುರ್ಮಾಸ ಬಂತು. ಇಬ್ಬನಿ ಕೂತು ಹುಲ್ಲೆಲ್ಲ ಬೆಳ್ಳಗಾಯಿತು. ಒಂದು ಬೆಳಗ್ಗೆ ಬಾಗಿಲ ಕೆಳಗಿನ ಸಂದಿಯಿಂದ ಒಂದು ಇಲಿ ಒಳಗೆ ನುಸುಳಿತು. ಮೈ ಕೊಡವಿಕೊಂಡಿತು. ಆಮೇಲೆ ಒಳಗಿನಿಂದಲೇ ಬಾಗಿಲು ತಟ್ಟಿತು.

"ಯಾರದು?" ಎಂದು ಬೋರಮ್ಮ ಬಾಗಿಲು ತೆರೆದು ಹೊರಗೆಲ್ಲ ಹುಡುಕಿದಳು.

"ಇಲ್ಲಿದ್ದೇನೆ ತಾಯಿ, ಕೆಳಗೆ. ನಾನು ಸಣ್ಣೀರಪ್ಪ, ಇಲಿ ತಪಾಸಣೆ ಅಧಿಕಾರಿ. ಚಳಿ ಶುರುವಾದರೆ ಸಾಕು, ಈ ದರಿದ್ರ ಇಲಿಗಳು ಬೆಚ್ಚಗಿನ ಮನೆ ಹುಡುಕಿಕೊಂಡು ಬರುತ್ತವೆ. ನಿಮ್ಮಲ್ಲಿ ಇವೆಯೋ ಇಲ್ಲವೋ ನೋಡಬೇಕು."

"ತಾವೇ ಇಲಿಯ ಹಾಗೆ ಕಾಣುತ್ತೀರಲ್ಲ ಸಾಹೇಬರೇ?"

"ವೇಷ ತಾಯಿ. ಹೀಗೆ ಕಾಣದಿದ್ದರೆ ಇಲಿಗಳು ನನ್ನನ್ನು ಹತ್ತಿರ ಸೇರಿಸುತ್ತವೆಯೇ?"

"ಆ ಬಾಲ?"

"ಅದೂ ವೇಷವೇ. ಹೊಲಿಸಿದ್ದು."

ಬೋರಮ್ಮ ನಾಚಿ, ಒಲೆಯ ಪಕ್ಕ ಮಣೆ ಹಾಕಿ, ಬಿಸಿ ಅಂಬಲಿ ಕೊಟ್ಟಳು.

ಸಣ್ಣೀರಪ್ಪ ಮೂರು ದಿನ ರಾಗಿ ಚೀಲದೊಳಗೆ ಮಲಗಿ ತಪಾಸಣೆ ಮಾಡಿದ. ನಾಲ್ಕನೆಯ ದಿನ ಹೊರಗೆ ಬಂದು, "ಇಲ್ಲಿ ಇಲಿ ಇಲ್ಲ. ಆದರೆ ಇಲ್ಲ ಎಂದು ಖಾತ್ರಿ ಮಾಡಲು ಇನ್ನಷ್ಟು ಸಿಬ್ಬಂದಿ ಬೇಕು" ಎಂದ. ಹೆಂಡತಿ ಬಂದಳು. ಇಬ್ಬರು ಭಾವಮೈದುನರು ಬಂದರು. ಅವರ ಹಿಂದೆ ಅವರ ಮಕ್ಕಳು ಮರಿಗಳು. ಹದಿನೈದು ದಿನಗಳಲ್ಲಿ ಆ ಮನೆಯಲ್ಲಿ ನಲವತ್ತೆರಡು ಮಂದಿ ಇಲಿ ಹುಡುಕುತ್ತಿದ್ದರು. ಒಂದೂ ಸಿಗಲಿಲ್ಲ. ಯಾವ ಅಧಿಕಾರಿಯನ್ನೂ ತುಳಿಯಬಾರದೆಂದು ಬೋರಮ್ಮ ತನ್ನ ಮನೆಯಲ್ಲೇ ತುದಿಗಾಲಲ್ಲಿ ನಡೆದಳು.

ಒಂದು ದಿನ ಅವಳು ಕೇಳಿದಳು. "ಸಾಹೇಬರೇ, ಅಡುಗೆಮನೆಯಲ್ಲಿ ಏನೋ ಕಪ್ಪು ಕಾಳು ಬಿದ್ದಿದೆ."

"ಜೀರಿಗೆ."

"ನಾನು ಜೀರಿಗೆ ತಂದೇ ಇಲ್ಲವಲ್ಲ?"

"ಅದಕ್ಕೇ ನಾವು ಕೊಡುತ್ತಿರುವುದು. ಉಚಿತ."

ಬೋರಮ್ಮ ಕೈಮುಗಿದು ಅದನ್ನು ಡಬ್ಬಿಗೆ ತುಂಬಿದಳು. ಪುಣ್ಯಕ್ಕೆ ಒಗ್ಗರಣೆಗೆ ಹಾಕಲಿಲ್ಲ.

"ಚೀಲದ ಮೂಲೆ ಹರಿದಿದೆಯಲ್ಲ?"

"ರಾಗಿಗೆ ಗಾಳಿಯಾಡಬೇಕು ತಾಯಿ."

"ಸೂರಿನಲ್ಲಿ ಕರಕರ ಸದ್ದು?"

"ಪಾಪ, ಮನೆಗೆ ಚಳಿ. ಹಲ್ಲು ಕಡಿಯುತ್ತಿದೆ."

ಬೋರಮ್ಮ ತನ್ನ ಕಂಬಳಿ ತೆಗೆದು ಗೋಡೆಗೆ ಹೊದಿಸಿದಳು.

ರಾಗಿ ಒಂದು ಚೀಲ ಖಾಲಿಯಾಯಿತು. ಎರಡನೆಯದು ಅರ್ಧಕ್ಕೆ ಇಳಿಯಿತು. ಬೋರಮ್ಮ ಒಂದೇ ಹೊತ್ತು ಉಣ್ಣತೊಡಗಿದಳು. ಕೊನೆಗೆ ಪಕ್ಕದ ಪೊದೆಯ ಮುಳ್ಳುಹಂದಿ ಚೌಡಪ್ಪನ ಮುಂದೆ ಅತ್ತಳು. "ಚಳಿ ಇನ್ನೂ ಎಷ್ಟೋ ದಿನ ಇದೆ. ಸಂಕ್ರಾಂತಿ ಆಗುವಷ್ಟರಲ್ಲಿ ಉಪವಾಸ ಸಾಯುತ್ತೇನೆ ಚೌಡಪ್ಪ."

"ಅಕ್ಕಾ, ಅವೇ ಇಲಿಗಳು."

"ಛೆ! ಅಧಿಕಾರಿಗಳನ್ನು ಹಾಗೆನ್ನಬಾರದು. ನಲವತ್ತೆರಡು ಜನ ಹುಡುಕಿದ್ದಾರಪ್ಪ, ಒಂದೂ ಸಿಕ್ಕಿಲ್ಲ."

ಇವಳಿಗೆ ಮಾತಿನಲ್ಲಿ ತಿಳಿಸುವುದು ಆಗದ ಕೆಲಸ ಎಂದು ಚೌಡಪ್ಪನಿಗೆ ಅರ್ಥವಾಯಿತು. ಮರುದಿನ ಅವನು ಕಾಡುಬೆಕ್ಕು ಮಾಳವ್ವನನ್ನು ಊಟಕ್ಕೆಂದು ಕರೆತಂದ.

ಬೆಕ್ಕು ಒಳಗೆ ಕಾಲಿಟ್ಟಿದ್ದೇ ನಲವತ್ತೆರಡು ಮೀಸೆಗಳು ನಡುಗಿದವು. ಮಾಳವ್ವ ಮಾತ್ರ ಮಣೆಯ ಮೇಲೆ ಕೂತು ನಿಟ್ಟುಸಿರಿಟ್ಟಳು. "ನನ್ನ ಮೀಸೆ ಉದುರುತ್ತಿತ್ತು ಬೋರಮ್ಮ. ಮತ್ತೆ ಬೆಳೆದರೆ ಧನುರ್ಮಾಸ ಪೂರ್ತಿ ಇಲಿ ಮುಟ್ಟುವುದಿಲ್ಲ ಅಂತ ಹರಕೆ ಹೊತ್ತೆ. ಬೆಳೆಯಿತು. ಈಗ ಬರೀ ಅಂಬಲಿ."

ಇಲಿಗಳೆಲ್ಲ ಉಸಿರು ಬಿಟ್ಟವು. ಒಂದೆರಡು ನಗಲೂ ತೊಡಗಿದವು.

"ಅಯ್ಯೋ, ನಮ್ಮಲ್ಲಿ ಇಲಿ ಎಲ್ಲಿಂದ ಬರಬೇಕು?" ಎಂದಳು ಬೋರಮ್ಮ ಹೆಮ್ಮೆಯಿಂದ. "ಇವರೆಲ್ಲ ಅಧಿಕಾರಿಗಳು."

ಮಾಳವ್ವನ ಕಿವಿ ನಿಮಿರಿತು. "ಇಲಿಗಳಲ್ಲವೇ?"

"ಒಬ್ಬರೂ ಅಲ್ಲ."

"ಹರಕೆಯಲ್ಲಿ ಅಧಿಕಾರಿಗಳ ಮಾತೇ ಬಂದಿಲ್ಲ" ಎನ್ನುತ್ತ ಬೆಕ್ಕು ಮೆಲ್ಲನೆ ಎದ್ದಿತು.

ಸಣ್ಣೀರಪ್ಪ ಜೇನಿನ ಗುಡಾಣದ ಹಿಂದಿನಿಂದ ಕಿರುಚಿದ. "ತಾಯಿ, ನಾನು ಇಲಿ! ನಮ್ಮಪ್ಪ ಇಲಿ! ನಮ್ಮ ತಾತ ಇಲಿ!"

"ಸುಮ್ಮನಿರಿ ಸಾಹೇಬರೇ. ವೇಷ ಅಂತ ತಾವೇ ಹೇಳಿದ್ದಿರಲ್ಲ."

"ಬಾಲ ನಿಜವಾದದ್ದು! ಎಳೆದು ನೋಡಿ!"

ಬೋರಮ್ಮ ಎಳೆದಳು. ಸಣ್ಣೀರಪ್ಪ ಕೀಚ್ ಎಂದ. "ಹೊಲಿಗೆ ಬಹಳ ಗಟ್ಟಿ" ಎಂದು ಅವಳು ಮೆಚ್ಚಿಕೊಂಡಳು.

ಬೆಕ್ಕು ಇನ್ನೊಂದು ಹೆಜ್ಜೆ ಮುಂದಿಟ್ಟಿತು. "ಇಲಿ ಅನ್ನುವುದಕ್ಕೆ ಸಾಕ್ಷಿ ಏನಿದೆ?"

ಆಗ ಸಣ್ಣೀರಪ್ಪ ಜೀವ ಕೈಯಲ್ಲಿ ಹಿಡಿದು ಮನೆಯೆಲ್ಲ ಓಡಿ ಓಡಿ ತೋರಿಸಿದ. "ಇದು ಜೀರಿಗೆಯಲ್ಲ, ನಮ್ಮ ಹಿಕ್ಕೆ! ಚೀಲ ಕಡಿದದ್ದು ನನ್ನ ಭಾವಮೈದ. ಗೋಡೆಯ ಬುಡದಲ್ಲಿ ಈ ಕಪ್ಪು ಜಿಡ್ಡು ನೋಡಿ, ದಿನಾ ಒಂದೇ ದಾರಿಯಲ್ಲಿ ಮೈ ಉಜ್ಜಿಕೊಂಡು ಓಡುತ್ತೇವೆ. ಬಾಗಿಲ ಸಂದಿಯಿಂದ ಬಂದೆವು, ಬಚ್ಚಲ ತೂಬಿನಿಂದ ಬಂದೆವು, ಸೂರಿಗೆ ತಾಗಿದ ಆ ಮತ್ತಿ ಮರದ ಕೊಂಬೆಯಿಂದಲೂ ಬಂದೆವು. ಕಡಲೆಕಾಯಿ ತೂರುವಷ್ಟು ತೂತಿದ್ದರೆ ನಮಗೆ ಸಾಕು!"

"ಸೂರಿನ ಗೂಡು ನನ್ನದು! ನಿಮ್ಮ ಕಂಬಳಿಯ ನೂಲಿನಿಂದಲೇ ಕಟ್ಟಿದ್ದು!" ಎಂದು ಅವನ ಹೆಂಡತಿ ಕೂಗಿದಳು. ಉಳಿದವರೂ ನಾನು ಇಲಿ, ನಾನು ಇಲಿ ಎಂದು ಒಬ್ಬರ ಮೇಲೊಬ್ಬರು ಬಿದ್ದು ತಪ್ಪೊಪ್ಪಿಕೊಂಡರು.

ಬೋರಮ್ಮ ಮೊದಲ ಸಲ ಬಗ್ಗಿ ತನ್ನ ಕಣ್ಣಿನಿಂದಲೇ ನೋಡಿದಳು. ಬಹಳ ಹೊತ್ತು ನೋಡಿದಳು. "ನಿಮ್ಮನ್ನು ತುಳಿಯಬಾರದು ಅಂತ ತುದಿಗಾಲಲ್ಲಿ ನಡೆದೆನಲ್ಲೋ" ಎಂದಷ್ಟೇ ಹೇಳಿದಳು.

"ಇಲಿಗಳೇ ಸರಿ. ಹರಕೆ ಅಂದ ಮೇಲೆ ಹರಕೆ" ಎಂದು ಮಾಳವ್ವ ಬೇಸರದಿಂದ ಕೂತಳು. "ಸಂಕ್ರಾಂತಿಗೆ ಮುಗಿಯುತ್ತದೆ. ಅವತ್ತು ಮತ್ತೆ ಬರುತ್ತೇನೆ."

ನಲವತ್ತೆರಡೂ ಇಲಿಗಳು ಒಂದೇ ಉಸಿರಿಗೆ ಇಬ್ಬನಿಯ ಹುಲ್ಲಿಗೆ ಹಾರಿ, ನಡುಗುತ್ತ ಓಡಿಹೋದವು.

ಚೌಡಪ್ಪ ಗಾರೆ ಕಲಸಿದ. ಬೋರಮ್ಮ ಒಂದೊಂದು ತೂತಿಗೂ ಕಲ್ಲಿನ ಚೂರು ಗಿಡಿದು ಗಾರೆ ಮೆತ್ತಿದಳು. ಬಾಗಿಲ ಕೆಳಗೆ ಹಲಗೆ ಹೊಡೆದಳು, ತೂಬಿಗೆ ಜಾಲರಿ ಇಟ್ಟಳು, ಮರದ ಕೊಂಬೆ ಕಡಿದಳು. ಉಳಿದ ರಾಗಿಯನ್ನು ಬಿಗಿ ಮುಚ್ಚಳದ ಮಡಕೆಗೆ ತುಂಬಿದಳು. ಮಲಗುವ ಮುಂಚೆ ನೆಲಕ್ಕೆಲ್ಲ ಹಿಟ್ಟು ಉದುರಿಸಿದಳು, ಯಾರು ಓಡಾಡಿದರೂ ಹೆಜ್ಜೆ ಮೂಡಲಿ ಎಂದು.

ಬೆಳಗ್ಗೆ ಅವಳ ಕೂಗಿಗೆ ಚೌಡಪ್ಪ ಓಡಿಬಂದ. ಹಿಟ್ಟಿನ ತುಂಬ ಮೊರದಗಲದ ಹೆಜ್ಜೆಗಳು! "ಇದು ಯಾವುದೋ ಭಾರಿ ಇಲಿ ಕಣೋ" ಎಂದಳು ಬೋರಮ್ಮ ನಡುಗುತ್ತ.

"ಅಕ್ಕಾ, ನಿನ್ನ ಕಾಲನ್ನು ಅದರ ಮೇಲಿಟ್ಟು ನೋಡು" ಎಂದ ಚೌಡಪ್ಪ.

ಇಟ್ಟಳು. ಸರಿಯಾಗಿ ಕೂತಿತು.

ನೀತಿ: ಯಾರ ಮಾತನ್ನಾದರೂ ನಂಬುವ ಮೊದಲು ನಮ್ಮ ಮನೆಯ ಮೂಲೆಗಳನ್ನು ನಾವೇ ಬಗ್ಗಿ ನೋಡಬೇಕು, ಸುಳ್ಳು ವೇಷ ತೊಟ್ಟವನಿಗೆ ಆ ವೇಷವೇ ಒಂದು ದಿನ ಮುಳುವಾಗುತ್ತದೆ.