ದೇವರ ಮನೆಯ ವೈಫೈ

ಕಾಲು ಮುರಿದುಕೊಂಡು ಸೋಫಾ ಹಿಡಿದಿದ್ದ ಸೇತುರಾಯರ ಆನ್‌ಲೈನ್ ಪ್ರವಚನ ಇನ್ನೇನು ಶುರುವಾಗಬೇಕು, ವೈಫೈ ಹೋಯಿತು. ರೂಟರ್ ಇದ್ದದ್ದು ದೇವರ ಮನೆಯಲ್ಲಿ. ಮನೆಯಲ್ಲಿ ಆಗ ಇದ್ದವಳು ಕೆಲಸದ ಹೊಂಬಮ್ಮ ಒಬ್ಬಳೇ.

"ಅದನ್ನ ಒಂದು ಸಲ ಆರಿಸಿ ಹಾಕಿದ್ರೆ ಸರಿಹೋಗುತ್ತೆ. ಹೇಗಾದ್ರೂ ಮಾಡು. ಆದ್ರೆ ಆ ಹೊಸಿಲು ಮಾತ್ರ ನಿಮ್ಮ ಜಾತಿಯೋರು ತುಳಿಯೋ ಹಾಗಿಲ್ಲ, ಗೊತ್ತಲ್ಲ?" ರಾಯರು ಗದರಿದರು.

ಇಷ್ಟು ವರ್ಷ ಆ ಹೊಸಿಲಿನ ತನಕ ಮಾತ್ರ ನೆಲ ಒರೆಸಿದವಳಿಗೆ ಗೊತ್ತಿಲ್ಲವೇ? ಹೊಂಬಮ್ಮ ಜಗಲಿಗೆ ಹೋಗಿ ಮೇನ್ ಸ್ವಿಚ್ಚನ್ನೇ ಕೆಳಗೆಳೆದು ಮತ್ತೆ ಮೇಲೆತ್ತಿದಳು. ಫ್ಯಾನು ನಿಂತು ತಿರುಗಿತು. ಸ್ವಲ್ಪ ಹೊತ್ತಿಗೆ ವೈಫೈಯೂ ಬಂತು.

"ಒಳಗೆ ಕಾಲಿಟ್ಟೆಯಾ?" ರಾಯರು ಬೆವರಿದರು.

"ಇಲ್ಲ ಬುದ್ಧಿ. ಹೊರಗಿಂದಲೇ ಇಡೀ ಮನೆ ಕರೆಂಟು ತೆಗೆದು ಹಾಕಿದೆ. ದೇವರ ಮುಂದಿನ ಕರೆಂಟು ದೀಪಾನೂ ಆರಿ, ನನ್ನ ಕೈಯಿಂದಲೇ ಹತ್ತಿಕೊಂತು."

ರಾಯರು ಸೋಫಾದಿಂದಲೇ ಕತ್ತು ಚಾಚಿ ದೇವರ ಮನೆಯ ದೀಪದತ್ತ ನೋಡಿದರು.

"ದೇವರೇನೂ ಅನ್ನಲಿಲ್ಲ ಬುದ್ಧಿ. ನೀವು ಪ್ರವಚನ ಹೇಳಿ."