ವಾಮನ ನೆಟ್ಟ ಕಡಲಹುಲ್ಲು

ನದಿ ಹೋಗಿ ಕಡಲನ್ನು ಸೇರುವ ಅಳಿವೆಯ ದಂಡೆಯಲ್ಲಿ ರುಕುಮಕ್ಕನವರ ಆಶ್ರಮ. ಎದುರಿನ ತೆಳುನೀರಿನ ಅಡಿಯಲ್ಲಿ ಕಡಲಹುಲ್ಲಿನ ಬಯಲು. ಹುಲ್ಲು ಬೇರೂರಿದ್ದರಿಂದ ಮರಳು ನಿಂತಿತ್ತು. ಮರಳು ನಿಂತಿದ್ದರಿಂದ ಆಶ್ರಮ ನಿಂತಿತ್ತು.

ತೆಂಕಣ ಅಳಿವೆಯ ಆಶ್ರಮಕ್ಕೆ ಆ ಭಾಗ್ಯವಿರಲಿಲ್ಲ. ಅಲ್ಲಿ ಹುಲ್ಲು ಸತ್ತು ದಂಡೆ ಕುಸಿಯುತ್ತಿತ್ತು. ಬಲ್ಲವರೊಬ್ಬರನ್ನು ಕಳಿಸಿಕೊಡಿ ಎಂದು ಹೇಳಿಕಳಿಸಿದ್ದರು.

“ನಾನು ಹೋಗುತ್ತೇನೆ ಅಮ್ಮ,” ಎಂದ ಶಿಷ್ಯ ವಾಮನ.

“ಮೊದಲು ಇಲ್ಲೊಂದು ಬಯಲು ಬೆಳೆಸಿ ತೋರಿಸು,” ಎಂದರು ರುಕುಮಕ್ಕ.

ವಾಮನ ಅಳಿವೆಯೆಲ್ಲ ಜಾಲಾಡಿ ಎಲ್ಲಕ್ಕಿಂತ ಎತ್ತರದ, ಹಚ್ಚಹಸಿರಿನ ಒಂದು ಗಿಡವನ್ನು ಆರಿಸಿದ. ಅದರ ಬೇರನ್ನೇ ತುಂಡರಿಸಿ ನೆಟ್ಟ. ಚಿಗುರಿದಂತೆಲ್ಲ ಮತ್ತೆ ತುಂಡರಿಸಿ ನೆಟ್ಟ. ಬಯಲು ತುಂಬಿತು. ಇಳಿತದ ಹೊತ್ತಿನಲ್ಲಿ ನೋಡಿದರೆ ಒಂದೆಲೆ ಹೆಚ್ಚಿಲ್ಲ, ಒಂದೆಲೆ ಕಡಿಮೆಯಿಲ್ಲ.

ಪಕ್ಕದಲ್ಲೇ ರುಕುಮಕ್ಕ ನೆಟ್ಟ ಬಯಲು. ಹುಲ್ಲಿನ ಜಾತಿ ಒಂದೇ; ಆದರೆ ಕೆಲವು ಎತ್ತರ, ಕೆಲವು ಕೆಂಪು ಗಿಡ್ಡ, ಕೆಲವು ಸೊಟ್ಟ.

“ಹೇಗಿದೆ ಅಮ್ಮ, ನನ್ನದು?” ವಾಮನನ ಎದೆ ಉಬ್ಬಿತ್ತು.

“ಈಗಷ್ಟೇ ಕ್ಷೌರದವನು ಬಂದುಹೋದ ಹಾಗಿದೆ ಮಾರಾಯ.”

ಆ ವೈಶಾಖದಲ್ಲಿ ಬಿಸಿಲು ಕೆರಳಿತು. ಇಳಿತದಲ್ಲಿ ನಿಂತ ನೀರು ಕಾಲಿಟ್ಟರೆ ಸುಡುತ್ತಿತ್ತು. ವಾಮನನ ಬಯಲು ಕಂದಿತು, ಕೊಳೆಯಿತು, ಉಬ್ಬರದ ಜೊತೆ ತೇಲಿಹೋಯಿತು. ರುಕುಮಕ್ಕನ ಬಯಲಿನಲ್ಲೂ ಎತ್ತರದವು ಸತ್ತವು. ಕೆಂಪು ಗಿಡ್ಡ ಹುಲ್ಲು ಮಾತ್ರ ಅಲ್ಲಾಡದೆ ನಿಂತಿತ್ತು.

ವಾಮನ ಮರಳಿನ ಮೇಲೆ ಕುಸಿದು ಕೂತ. “ಸಾವಿರಾರು ಗಿಡ ಹೋದವು ಅಮ್ಮ.”

“ಸುಳ್ಳು ಹೇಳಬೇಡ. ನಿನ್ನದು ಹೋದದ್ದು ಒಂದೇ ಗಿಡ.”

ತಾನು ತುಂಡರಿಸುತ್ತ ಹೋದ ಆ ಒಂದು ಬೇರು ವಾಮನನ ಕಣ್ಣಿಗೆ ಕಟ್ಟಿತು.

ಮರುದಿನ ಬೆಳಿಗ್ಗೆ ಅವನು ಬುಟ್ಟಿ ತುಂಬ ಕೆಂಪು ಗಿಡ್ಡ ಹುಲ್ಲು ಹೊತ್ತು ಬಂದ. ಮುಖ ಅರಳಿತ್ತು.

“ಗೊತ್ತಾಯಿತು ಅಮ್ಮ! ಇದೇ ಗಟ್ಟಿ. ತೆಂಕಣದ ತುಂಬ ಇದನ್ನೇ ನೆಡುತ್ತೇನೆ.”

ರುಕುಮಕ್ಕ ಬೊಗಸೆಯಲ್ಲಿ ಅಳಿವೆಯ ನೀರು ತಂದು ಅವನ ಬಾಯಿಗೆ ಹಿಡಿದರು. “ಕುಡಿ.”

ವಾಮನ ಮುಖ ಕಿವುಚಿದ. “ಉಪ್ಪು!”

“ಆಷಾಢದಲ್ಲಿ ನೆರೆ ಬಂದಾಗ?”

“ಆಗ ಹೊಳೆಯ ನೀರೇ. ಸಪ್ಪೆ.”

“ಆ ಸಪ್ಪೆ ನೀರಿನಲ್ಲಿ ನಿನ್ನ ಗಿಡ್ಡ ಹುಲ್ಲು ಏನು ಮಾಡುತ್ತದೆ?”

“ಗೊತ್ತಿಲ್ಲ ಅಮ್ಮ.”

“ನನಗೂ ಗೊತ್ತಿಲ್ಲ.”

ವಾಮನ ಬುಟ್ಟಿಯನ್ನು ಕೆಳಗಿಳಿಸಿದ. ಅದರಿಂದ ಒಂದು ಹಿಡಿ ಇಟ್ಟುಕೊಂಡು, ಉಳಿದದ್ದನ್ನು ತಂದ ಜಾಗದಲ್ಲೇ ಊರಿ ಬಂದ. ಆಮೇಲೆ ದೋಣಿ ಹತ್ತಿದ.

ಕಡಲ ಬಾಯಿಯಿಂದ ಒಂದು ಹಿಡಿ ತಂದ. ಹೊಳೆಯ ಕಡೆಯಿಂದ ಒಂದು ಹಿಡಿ. ಕೆಸರಿನಲ್ಲಿ ಹುಟ್ಟಿದ್ದು, ಬಂಡೆಯ ನೆರಳಿನಲ್ಲಿ ಹುಟ್ಟಿದ್ದು. ಹಿಂದೆ ಛೀ ಎಂದು ದಾಟಿಹೋಗಿದ್ದ ಸೊಟ್ಟ ಹುಲ್ಲನ್ನೂ ಬಿಡಲಿಲ್ಲ. ನೀರಿನ ಅಡಿಯಲ್ಲೇ ಹೂಬಿಟ್ಟು ಕಾಯಿಕಟ್ಟಿದ್ದನ್ನು ಮುಳುಗಿ ಹುಡುಕಿ, ಬೀಜ ತಂದ. ತನ್ನ ಸತ್ತ ಬಯಲಿನಲ್ಲಿ ಎಲ್ಲವನ್ನೂ ಬೆರೆಸಿ ನೆಟ್ಟ.

ಹುಲ್ಲು ಎದ್ದಿತು. ನೋಡಲು ಕೆದರಿದ ತಲೆಯಂತಿತ್ತು.

ರುಕುಮಕ್ಕ ಸೀರೆಯ ನೆರಿಗೆ ಎತ್ತಿಕಟ್ಟಿ ಮೊಣಕಾಲುದ್ದ ನೀರಿಗಿಳಿದರು. ಒಂದೊಂದನ್ನೂ ಮುಟ್ಟುತ್ತ ಬಯಲಿನ ಆ ತುದಿಯವರೆಗೆ ಹೋಗಿ ಬಂದರು.

“ಇದರಲ್ಲಿ ಯಾವುದು ಉಳಿಯುತ್ತದೆ ವಾಮನ?”

“ನನಗೆ ಗೊತ್ತಿಲ್ಲ ಅಮ್ಮ.” ಈ ಸಲ ಅವನು ತಲೆ ತಗ್ಗಿಸಲಿಲ್ಲ.

ರುಕುಮಕ್ಕ ದೋಣಿಯ ಹಗ್ಗ ಬಿಚ್ಚಿ ಅವನ ಕೈಗಿತ್ತರು.

“ತೆಂಕಣದವರು ಕೇಳಿದರೆ, ರುಕುಮಕ್ಕನ ಶಿಷ್ಯ ಅಂತ ಗಟ್ಟಿಯಾಗಿ ಹೇಳು.”