ಅವ್ವನ ಮುಖ ಕೇಳಲು ಹೋದ ದಾಕ್ಷಿ

ಒಂದು ಊರು. ಊರಲ್ಲೊಂದು ಬೀದಿ. ಬೀದಿಯ ಕೊನೇ ಮನೆಯಲ್ಲಿ ದಾಕ್ಷಿ ಇದ್ದಳು. ದಾಕ್ಷಿಗೊಬ್ಬ ತಮ್ಮ. ಅವನ ಹೆಸರು ಕಲ್ಲೇಶಿ. ಇನ್ನೂ ಚಿಕ್ಕೋನು.

ಅವರಿಗೆ ಅವ್ವ ಇರಲಿಲ್ಲ. ಕಾಯಿಲೆ ಬಂದು ತೀರಿಕೊಂಡಿದ್ದಳು. ಅವ್ವನದೊಂದು ಫೋಟೋ ಇತ್ತು. ಬರೀ ಕಾಗದದ ಮೇಲೆ ಪ್ರಿಂಟು ಹಾಕಿದ್ದು. ಕಲ್ಲೇಶಿ ಅದನ್ನು ತಬ್ಬಿಕೊಂಡೇ ಮಲಗುತ್ತಿದ್ದ. ತಬ್ಬಿಕೊಂಡೇ ಅಳುತ್ತಿದ್ದ. ಅತ್ತು ಅತ್ತು ಕಾಗದ ನೆನೆಯಿತು. ಬಣ್ಣ ಹರಿಯಿತು. ಅವ್ವನ ಕಣ್ಣು ಹೋಯಿತು. ಅವ್ವನ ಮೂಗು ಹೋಯಿತು. ಅವ್ವನ ನಗು ಹೋಯಿತು.

"ಅಕ್ಕಾ, ಅವ್ವ ಎಲ್ಲಿ?" ಅಂದ ಕಲ್ಲೇಶಿ. ಹಾಲು ಕೊಟ್ಟರೆ ಕುಡಿಯಲಿಲ್ಲ. ಚಾಪೆ ಹಾಸಿದರೆ ಮಲಗಲಿಲ್ಲ.

ಅವ್ವ ನೀರಿನ ಆಫೀಸಿನಲ್ಲಿ ಕೆಲಸ ಮಾಡುತ್ತಿದ್ದಳು. ಯಾವ ಬೀದಿಗೆ ಯಾವಾಗ ನೀರು ಅಂತ ಕಾಗದ ಪ್ರಿಂಟು ಹಾಕುತ್ತಿದ್ದಳು. ಆ ಫೋಟೋನೂ ಅಲ್ಲೇ ಪ್ರಿಂಟು ಹಾಕಿದ್ದು. ದಾಕ್ಷಿಗೆ ಅದು ಗೊತ್ತಿತ್ತು. ತಮ್ಮನನ್ನು ಸೊಂಟದ ಮೇಲೆ ಎತ್ತಿಕೊಂಡಳು. ಆಫೀಸಿಗೆ ಹೊರಟಳು.

ಆಫೀಸಿನಲ್ಲಿ ಮೇಜು ಮೇಜಿಗೂ ಒಂದು ಕಂಪ್ಯೂಟರು. ಆದರೂ ಎಲ್ಲರೂ ಕೈಯಲ್ಲೇ ಬರೆಯುತ್ತಾ ಕೂತಿದ್ದರು. ಅವ್ವನ ಕುರ್ಚಿ ಖಾಲಿ. ದಾಕ್ಷಿ ಅವ್ವನ ಮೇಜಿನ ಹತ್ತಿರ ಹೋದಳು.

"ಕಂಪ್ಯೂಟರೇ, ಕಂಪ್ಯೂಟರೇ, ಅವ್ವನ ಫೋಟೋ ಕೊಡು. ತಮ್ಮ ಹಾಲು ಕುಡೀತಿಲ್ಲ."

"ಫೋಟೋ ನನ್ನ ಹೊಟ್ಟೆಯಲ್ಲೇ ಇದೆ, ಮಗಳೇ. ಆದರೆ ನನ್ನ ಹತ್ರ ಕಾಗದ ಇಲ್ಲ. ಪ್ರಿಂಟರನ್ನು ಕೇಳು."

ದಾಕ್ಷಿ ಪ್ರಿಂಟರಿನ ಹತ್ತಿರ ಹೋದಳು. ಇಡೀ ಆಫೀಸಿಗೆ ಅದೊಂದೇ ಪ್ರಿಂಟರು.

"ಪ್ರಿಂಟರೇ, ಪ್ರಿಂಟರೇ, ಅವ್ವನ ಫೋಟೋ ಪ್ರಿಂಟು ಹಾಕು. ಕಂಪ್ಯೂಟರ್ ಹತ್ರ ಕಾಗದ ಇಲ್ಲ. ತಮ್ಮ ಹಾಲು ಕುಡೀತಿಲ್ಲ."

"ಕಾಗದ ಇದೆ. ಶಾಯಿ ಇದೆ. ಆದರೆ ನಾನು ಎಲ್ಲರ ಪ್ರಿಂಟರು. ಎಲ್ಲರೂ ಒಟ್ಟಿಗೆ ಕೂಗಿದರೆ ಯಾರ ಮಾತು ಕೇಳಲಿ? ಪ್ರಿಂಟ್ ಸರ್ವರ್ ಹೇಳಿದರೆ ಮಾತ್ರ ಹಾಕ್ತೀನಿ. ಅವನನ್ನು ಕೇಳು."

ಪ್ರಿಂಟ್ ಸರ್ವರ್ ಒಂದು ಪುಟ್ಟ ಕೋಣೆಯೊಳಗೆ ಇತ್ತು. ಕೋಣೆಯ ಬಾಗಿಲು ಮುಚ್ಚಿತ್ತು. ದಾಕ್ಷಿ ಬಾಗಿಲ ಸಂದಿಗೆ ಬಾಯಿಟ್ಟಳು.

"ಸರ್ವರಣ್ಣಾ, ಸರ್ವರಣ್ಣಾ, ಪ್ರಿಂಟರಿಗೆ ಹೇಳು. ನೀನು ಹೇಳದೆ ಪ್ರಿಂಟರ್ ಪ್ರಿಂಟು ಹಾಕಲ್ಲ. ಕಂಪ್ಯೂಟರ್ ಹತ್ರ ಕಾಗದ ಇಲ್ಲ. ತಮ್ಮ ಹಾಲು ಕುಡೀತಿಲ್ಲ."

ಒಳಗಿನಿಂದ ಸಣ್ಣ ದನಿ ಬಂತು. "ಎಲ್ಲ ಕಂಪ್ಯೂಟರೂ ನನಗೇ ಹೇಳ್ತಿದ್ದವು. ನಾನು ಎಲ್ಲರನ್ನೂ ಸಾಲು ನಿಲ್ಲಿಸ್ತಿದ್ದೆ. ಒಂದೊಂದಾಗಿ ಪ್ರಿಂಟರಿಗೆ ಕಳಿಸ್ತಿದ್ದೆ. ಈಗ ನನಗೆ ಕರೆಂಟೇ ಇಲ್ಲ, ತಾಯಿ. ಏಳೋಕಾಗಲ್ಲ. ಸ್ವಿಚ್ಚನ್ನು ಕೇಳು."

ಸ್ವಿಚ್ಚೂ ಆ ಕೋಣೆಯೊಳಗೇ ಇತ್ತು.

"ಸ್ವಿಚ್ಚೇ, ಸ್ವಿಚ್ಚೇ, ಕರೆಂಟು ಬಿಡು. ಕರೆಂಟಿಲ್ಲದೆ ಸರ್ವರಣ್ಣ ಏಳಲ್ಲ. ಸರ್ವರಣ್ಣ ಹೇಳದೆ ಪ್ರಿಂಟರ್ ಪ್ರಿಂಟು ಹಾಕಲ್ಲ. ಕಂಪ್ಯೂಟರ್ ಹತ್ರ ಕಾಗದ ಇಲ್ಲ. ತಮ್ಮ ಹಾಲು ಕುಡೀತಿಲ್ಲ."

"ಯಾರಾದರೂ ಒತ್ತಿದರೆ ಬಿಡ್ತೀನಿ. ಒತ್ತಬೇಕಾದರೆ ಒಳಗೆ ಬರಬೇಕು. ಬೀಗವನ್ನು ಕೇಳು."

ಬಾಗಿಲಲ್ಲಿ ದಪ್ಪ ಬೀಗ ನೇತಾಡುತ್ತಿತ್ತು. ಕಲ್ಲೇಶಿ ಅಳುತ್ತಲೇ ಇದ್ದ. ದಾಕ್ಷಿಯ ಸೊಂಟ ನೋಯುತ್ತಿತ್ತು.

"ಬೀಗವೇ, ಬೀಗವೇ, ಬಾಗಿಲು ಬಿಡು. ಬಾಗಿಲು ಬಿಡದೆ ಸ್ವಿಚ್ಚು ಒತ್ತೋಕಾಗಲ್ಲ. ಕರೆಂಟಿಲ್ಲದೆ ಸರ್ವರಣ್ಣ ಏಳಲ್ಲ. ಸರ್ವರಣ್ಣ ಹೇಳದೆ ಪ್ರಿಂಟರ್ ಪ್ರಿಂಟು ಹಾಕಲ್ಲ. ಕಂಪ್ಯೂಟರ್ ಹತ್ರ ಕಾಗದ ಇಲ್ಲ. ತಮ್ಮ ಹಾಲು ಕುಡೀತಿಲ್ಲ."

"ಬೀಗದ ಕೈ ಇಲ್ಲದೆ ನಾನು ಬಾಯಿ ಬಿಡಲ್ಲ. ಅದು ರಂಗತ್ತೆಯ ಸೆರಗಿನ ಗಂಟಿನಲ್ಲಿದೆ. ರಂಗತ್ತೆಯನ್ನು ಕೇಳು."

ರಂಗತ್ತೆ ಆಫೀಸು ಗುಡಿಸುವವಳು. ಹಿಂದಿನ ಮೆಟ್ಟಿಲ ಮೇಲೆ ಒಬ್ಬಳೇ ಕೂತಿದ್ದಳು.

"ರಂಗತ್ತೇ, ರಂಗತ್ತೇ, ಬೀಗದ ಕೈ ಕೊಡು. ಬೀಗದ ಕೈ ಇಲ್ಲದೆ ಬೀಗ ಬಾಯಿ ಬಿಡಲ್ಲ. ಬಾಗಿಲು ಬಿಡದೆ ಸ್ವಿಚ್ಚು ಒತ್ತೋಕಾಗಲ್ಲ. ಕರೆಂಟಿಲ್ಲದೆ ಸರ್ವರಣ್ಣ ಏಳಲ್ಲ. ಸರ್ವರಣ್ಣ ಹೇಳದೆ ಪ್ರಿಂಟರ್ ಪ್ರಿಂಟು ಹಾಕಲ್ಲ. ಕಂಪ್ಯೂಟರ್ ಹತ್ರ ಕಾಗದ ಇಲ್ಲ. ತಮ್ಮ ಹಾಲು ಕುಡೀತಿಲ್ಲ."

"ಕೊಡಲ್ಲ," ಅಂದಳು ರಂಗತ್ತೆ.

"ಯಾಕತ್ತೆ?"

ರಂಗತ್ತೆ ಹೇಳಿದಳು. "ದಿನಾ ಬೆಳಿಗ್ಗೆ ನಿಮ್ಮವ್ವ ವಿಶಾಲು ಬರ್ತಿದ್ದಳು. 'ರಂಗಕ್ಕಾ, ಬೀಗದ ಕೈ ಕೊಡಕ್ಕಾ' ಅಂತಿದ್ದಳು. ಅವಳೇ ಬಾಗಿಲು ತೆಗೀತಿದ್ದಳು. ಅವಳೇ ಸ್ವಿಚ್ಚು ಒತ್ತುತ್ತಿದ್ದಳು. ಇದನ್ನ ಇನ್ನೊಬ್ಬರ ಕೈಗೆ ಕೊಟ್ಟರೆ, ವಿಶಾಲು ಇನ್ನು ಬರೋದೇ ಇಲ್ಲ ಅಂತಾಯ್ತಲ್ಲ, ಮಗಳೇ!"

ಸೆರಗಿನ ಗಂಟು ಹಿಡಿದುಕೊಂಡು ರಂಗತ್ತೆ ಅತ್ತಳು. ಅವಳನ್ನು ಕೇಳಲು ಆಫೀಸಿನವರಿಗೂ ಬಾಯಿ ಬಂದಿರಲಿಲ್ಲ. ಅದಕ್ಕೇ ಎಲ್ಲರೂ ಕೈಯಲ್ಲಿ ಬರೆಯುತ್ತಿದ್ದರು.

ದಾಕ್ಷಿ ಮತ್ತೆ ಕೇಳಲಿಲ್ಲ. ಅವಳ ಪಕ್ಕದಲ್ಲಿ ಕೂತಳು.

"ಬರಲ್ಲ ಅತ್ತೆ," ಅಂದಳು. "ನಾನೂ ದಿನಾ ಬಾಗಿಲು ನೋಡ್ತೀನಿ. ಅವ್ವ ಬರಲ್ಲ."

ಅಷ್ಟು ಹೇಳಿ ದಾಕ್ಷಿಯೂ ಅತ್ತಳು. ಇಷ್ಟು ಹೊತ್ತು ಅತ್ತಿರಲಿಲ್ಲ. ಈಗ ಅತ್ತಳು. ಕಲ್ಲೇಶಿ ಅಕ್ಕನನ್ನು ನೋಡಿದ. ರಂಗತ್ತೆಯನ್ನು ನೋಡಿದ. ಮೆಲ್ಲಗೆ ಜಾರಿ ರಂಗತ್ತೆಯ ಮಡಿಲಿಗೆ ಹೋದ. ಅವಳ ಕುತ್ತಿಗೆ ತಬ್ಬಿಕೊಂಡ.

ರಂಗತ್ತೆ ಅವನನ್ನು ಎದೆಗೊತ್ತಿಕೊಂಡಳು. ತುಂಬ ಹೊತ್ತು ಹಾಗೇ ಕೂತಳು.

ಆಮೇಲೆ ರಂಗತ್ತೆ ಗಂಟು ಬಿಚ್ಚಿದಳು. ಬೀಗದ ಕೈ ಕೊಟ್ಟಳು. ಬೀಗ ಬಾಯಿ ಬಿಟ್ಟಿತು. ಬಾಗಿಲು ತೆರೆಯಿತು. ದಾಕ್ಷಿ ತುದಿಗಾಲಲ್ಲಿ ನಿಂತು ಸ್ವಿಚ್ಚು ಒತ್ತಿದಳು. ಸ್ವಿಚ್ಚು ಕರೆಂಟು ಬಿಟ್ಟಿತು. ಸರ್ವರಣ್ಣ ಎದ್ದ. ಮಿಣ ಮಿಣ ಕಣ್ಣು ಬಿಟ್ಟ. ಕಂಪ್ಯೂಟರ್ ಸರ್ವರಣ್ಣನಿಗೆ ಹೇಳಿತು. ಸರ್ವರಣ್ಣ ಪ್ರಿಂಟರಿಗೆ ಹೇಳಿದ. ಪ್ರಿಂಟರ್ ಕಾಗದ ಎಳೆಯಿತು. ಕಂಪ್ಯೂಟರಿನ ಹೊಟ್ಟೆಯಲ್ಲಿದ್ದ ಫೋಟೋ ಕಾಗದಕ್ಕೆ ಇಳಿಯಿತು.

ಚರ್... ಚರ್... ಚರ್...

ಮೊದಲು ಅವ್ವನ ಕಣ್ಣು ಬಂತು. ಆಮೇಲೆ ಅವ್ವನ ಮೂಗು ಬಂತು. ಆಮೇಲೆ ಅವ್ವನ ನಗು ಬಂತು.

ಅವ್ವ ಬರಲಿಲ್ಲ. ಅವ್ವನ ಮುಖ ಬಂತು.

ಆಫೀಸಿನವರೆಲ್ಲ ಎದ್ದು ನಿಂತರು.

"ಅವ್ವ," ಅಂದ ಕಲ್ಲೇಶಿ.

ರಂಗತ್ತೆ ಹಾಲು ತಂದಳು. ಕಲ್ಲೇಶಿ ಕುಡಿದ. ಲೋಟ ಖಾಲಿಯಾಗುವವರೆಗೂ ಕುಡಿದ. ಫೋಟೋ ತಬ್ಬಿಕೊಂಡು ರಂಗತ್ತೆಯ ಮಡಿಲಲ್ಲೇ ಒರಗಿದ. ಕಾಗದ ನೆನೆಯದ ಹಾಗೆ ರಂಗತ್ತೆ ಅವನ ಕೆನ್ನೆ ಒರೆಸಿದಳು. ಆಮೇಲೆ ದಾಕ್ಷಿಯ ಕೆನ್ನೆಯನ್ನೂ ಒರೆಸಿದಳು.

ಕಥೆ ಇಲ್ಲಿಗೆ ಬಂತು. ಮೆಲ್ಲಗೆ ಮಾತಾಡಿ, ಮಕ್ಕಳೇ. ಕಲ್ಲೇಶಿ ಮಲಗಿದ್ದಾನೆ.